ಆಡದ ಫೈನಲ್, ಬಂದ ಶಾಲು

ಮೂರು ತಾಲ್ಲೂಕಿನಲ್ಲಿ ಇರುವ ಒಬ್ಬಳೇ ಪ್ರಾಮಾಣಿಕ ವರದಿಗಾರ್ತಿ ಎಂದು ಒಂದೆರಡು ವಾರ ನಾನು ಹೆಸರಾಗಿದ್ದೆ. ಆ ಹೆಸರು ಬಂದದ್ದು ಒಂದು ಸೀರೆ ಅಂಗಡಿಯ ದೀಪಾವಳಿ ಜಾಹೀರಾತಿನಿಂದ. ಇದನ್ನು ಹೇಳಲು ನನಗೀಗ ನಾಚಿಕೆಯಿಲ್ಲ. ಆಗ ಇತ್ತು, ಅದಕ್ಕೇ ಇಷ್ಟು ದೊಡ್ಡ ಕಥೆಯಾಯಿತು.

ಅಫಜಲಪುರದ ತಹಶೀಲ್ದಾರ ಕಚೇರಿ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಬೇಕಾದ್ದಕ್ಕೆ ಲ್ಯಾಮಿನೇಷನ್ ಮಾಡುವುದು ನನ್ನ ಹೊಟ್ಟೆಪಾಡು. ಜಿಲ್ಲೆಯ ಒಂದು ಸಣ್ಣ ದಿನಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಚಟ. ಹತ್ತು ವರ್ಷದ ಹಿಂದೆ ನಮ್ಮ ಓಣಿಯ ಗಟಾರದ ಬಗ್ಗೆ ಮೊದಲ ಸುದ್ದಿ ಬರೆದು, ಅದನ್ನು ಆಳಂದದ ಹಿರಿಯ ಕ್ರೀಡಾ ವರದಿಗಾರರಿಗೆ ತೋರಿಸಿದ್ದೆ. ಅವರು ಓದಿ ಕನ್ನಡಕ ತೆಗೆದು ಹೇಳಿದ್ದು ಇಷ್ಟು: "ಎಲ್ಲಿ, ಯಾರು, ಏನಾತು, ಇದು ಮೊದಲು ಬರಬೇಕವ್ವ. ಸಿಟ್ಟು ಆಮ್ಯಾಲ. ನೀ ಸಿಟ್ಟಿನಿಂದನೇ ಶುರು ಮಾಡೀದಿ. ಗಟಾರ ಎಲ್ಲೈತಿ ಅನ್ನೋದು ಕಡೀಗೂ ಗೊತ್ತಾಗಲಿಲ್ಲ."

ಅವರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಕಬಡ್ಡಿ, ಕುಸ್ತಿ, ಖೋ-ಖೋ ಯಾವುದೇ ಇರಲಿ, ಕಾಕಾ ಬರೆದರೆ ಮಾತ್ರ ಅದು ನಡೆದಂತೆ. ಅವರ ವರದಿ ಬಂದ ಮರುದಿನ ಹುಡುಗರು ಪೇಪರು ಕತ್ತರಿಸಿಕೊಂಡು ನನ್ನ ಅಂಗಡಿಗೆ ಬಂದು, "ಅಕ್ಕಾ, ಇದಕ್ಕ ಪ್ಲಾಸ್ಟಿಕ್ ಹಾಕಿ ಕೊಡ್ರಿ, ಮನ್ಯಾಗ ಗ್ವಾಡಿಗಿ ಹಚ್ಚಬೇಕು" ಅನ್ನುತ್ತಿದ್ದರು. ಕೆಲವರ ಮನೆಯಲ್ಲಿ ಗೆದ್ದ ಕಪ್ಪಿಗಿಂತ ಆ ಕಾಗದಕ್ಕೇ ಒಳ್ಳೆಯ ಜಾಗ ಸಿಕ್ಕಿದೆ.

ಇನ್ನು ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ವರದಿಗಾರರದು ಒಂದು ಮೊಬೈಲ್ ಗ್ರೂಪ್ ಇತ್ತು. ಕಾಕಾನೇ ಮಾಡಿದ್ದು. ಒಬ್ಬರು ಕಾರ್ಯಕ್ರಮಕ್ಕೆ ಹೋದರೆ ಸಾಕು, ಸುದ್ದಿ ಬರೆದು ಗ್ರೂಪಿಗೆ ಹಾಕುತ್ತಾರೆ. ಉಳಿದವರು ತಲೆಬರಹ ಬದಲಿಸಿ, ಒಂದೆರಡು ಶಬ್ದ ಆಚೀಚೆ ಮಾಡಿ, ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಇದಕ್ಕೆ ಕಾಮನ್ ಕಾಪಿ ಎಂದು ಹೆಸರು. ಮೂರು ತಾಲ್ಲೂಕು ಸುತ್ತಲು ನಮಗೆ ಯಾರೂ ಬಸ್ ಚಾರ್ಜ್ ಕೊಡುವುದಿಲ್ಲವಾದ್ದರಿಂದ ಇದನ್ನು ಯಾರೂ ತಪ್ಪು ಅಂದುಕೊಂಡಿರಲಿಲ್ಲ. ಆಟದ ಸುದ್ದಿಯಂತೂ ಪೂರ್ತಿ ಕಾಕಾನ ಗುತ್ತಿಗೆ. ಬೋನಸ್ ಗೆರೆ ಎಲ್ಲಿರುತ್ತದೆ ಎಂದು ತಿಳಿಯದೆಯೇ ನಾನು ಎಂಟು ವರ್ಷ ಕಬಡ್ಡಿ ವರದಿ ಮಾಡಿದ್ದೇನೆ.

ಆ ದಿನ ನರೋಣಾದ ಶಾಲೆ ಮೈದಾನದಲ್ಲಿ ಕಬಡ್ಡಿ ಫೈನಲ್. ಒಂದು ಕಡೆ ಜೇವರ್ಗಿ ತಾಲ್ಲೂಕಿನ ಇಜೇರಿ, ಇನ್ನೊಂದು ಕಡೆ ನರೋಣಾ ಊರಿನದೇ ತಂಡ. ನಾನು ಅಂಗಡಿಯಲ್ಲಿದ್ದೆ. ಐದು ಗಂಟೆಗೆ ಗ್ರೂಪಿನಲ್ಲಿ ಕಾಕಾನ ವರದಿ ಬಂತು. ಕೊನೆಯ ನಿಮಿಷದವರೆಗೂ ಜಿದ್ದಾಜಿದ್ದಿನಿಂದ ಕೂಡಿದ ಪಂದ್ಯದಲ್ಲಿ ಇಜೇರಿ ತಂಡಕ್ಕೆ ಎರಡು ಅಂಕಗಳ ರೋಚಕ ಗೆಲುವು, ಪ್ರೇಕ್ಷಕರು ತುದಿಗಾಲ ಮೇಲೆ ನಿಂತು ಪಂದ್ಯ ವೀಕ್ಷಿಸಿದರು, ಇತ್ಯಾದಿ. ನಾನು 'ರೋಚಕ' ತೆಗೆದು 'ರೋಮಾಂಚಕ' ಮಾಡಿ ಕಳಿಸಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಕರುವಿಗೆ ಹೆಸರೂ ಇಟ್ಟಿದ್ದೆ.

ಮರುದಿನ ಬೆಳಿಗ್ಗೆ ನೋಡಿದರೆ ಆರು ಪತ್ರಿಕೆಯಲ್ಲಿ ಸುದ್ದಿ ಇದೆ, ನಮ್ಮದರಲ್ಲಿ ಮಾತ್ರ ಇಲ್ಲ. ಆಟದ ಪುಟದ ತುಂಬ ಸೀರೆಯುಟ್ಟ ಹೆಂಗಸು ನಗುತ್ತಿದ್ದಾಳೆ. ನನಗೆ ಸಿಟ್ಟು ಬಂತು. ಏಳು ಗಂಟೆಗೇ ಪತ್ರಿಕೆಯ ಉಪಸಂಪಾದಕನಿಗೆ ಫೋನ್ ಮಾಡಿ, "ಎಲ್ಲಾರ ಪೇಪರಿನಾಗ ಬಂದದ, ನಮ್ಮದರಾಗ ಯಾಕ ಹಾಕಿಲ್ರಿ? ನಾವೇನು ಸೀರಿ ಮಾರಾಕ ಪೇಪರ್ ನಡಸಾಕತ್ತೇವೇನು?" ಎಂದು ಚೆನ್ನಾಗಿ ಬೈದೆ. ನಿದ್ದೆಗಣ್ಣಿನಲ್ಲಿದ್ದ ಅವನು, "ಜಾಗ ಇದ್ದಿದ್ದಿಲ್ಲ ಅಕ್ಕಾ, ತಪ್ಪಾತು" ಅಂದ.

ಒಂಬತ್ತು ಗಂಟೆಗೆ ಜೇವರ್ಗಿಯ ಚಾನೆಲ್‌ನವನ ವಿಡಿಯೊ ಬಂತು. ಮೊಬೈಲಿನಲ್ಲೇ ಚಾನೆಲ್ ನಡೆಸುವ ಈತ ನಮ್ಮ ಗ್ರೂಪಿನಲ್ಲಿ ಇರಲಿಲ್ಲ. ಪೇಪರ್ ಇಲ್ಲದವನು ಎಂದು ನಾವೇ ಸೇರಿಸಿಕೊಂಡಿರಲಿಲ್ಲ. ವಿಡಿಯೊದಲ್ಲಿ ಎರಡೂ ತಂಡದ ಕ್ಯಾಪ್ಟನ್‌ಗಳು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದಾರೆ. ಇಬ್ಬರ ಮುಖವೂ ಪೂರಿಯಂತೆ ಉಬ್ಬಿದೆ. ಇಜೇರಿಯವನ ಕೈಯಲ್ಲಿ ಪೇಪರು. "ನಾ ಕೊನೇ ನಿಮಿಷದಾಗ ಎರಡು ಪಾಯಿಂಟ್ ತಂದೀನಂತ್ರಿ. ಅಷ್ಟೊತ್ತಿನಾಗ ನಾ ಬಿಸಿಯೂಟದ ಖೋಲ್ಯಾಗ ಅಕ್ಕಿ ಚೀಲದ ಹಿಂದ ಇದ್ನಿರಿ" ಅಂದ. ನರೋಣಾದವನಿಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ, ಬರೀ ತಲೆ ಅಲ್ಲಾಡಿಸಿದ.

ನಡೆದದ್ದು ಇಷ್ಟು. ತಂಡಗಳು ಮೈದಾನಕ್ಕೆ ಇಳಿಯುವಾಗ ಯಾರೋ ದೀಪಾವಳಿಗೆ ತಂದಿಟ್ಟ ಪಟಾಕಿ ಸರ ಹಚ್ಚಿದ್ದಾರೆ. ಮೈದಾನದ ಆಲದ ಮರದಲ್ಲಿ ಹೆಜ್ಜೇನು. ಒಂದೇ ನಿಮಿಷದಲ್ಲಿ ಆಟಗಾರರು, ಅತಿಥಿಗಳು, ಮಂಡಕ್ಕಿ ಮಾರುವವರು ಎಲ್ಲ ದಿಕ್ಕಾಪಾಲು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ, ಆಸ್ಪತ್ರೆಯಲ್ಲಿ ಸೂಜಿ ಮಾತ್ರ ಎಲ್ಲರಿಗೂ ಬಿತ್ತು. ಫೈನಲ್‌ನ ಒಂದು ರೈಡೂ ನಡೆದಿರಲಿಲ್ಲ.

ಕಾಕಾ ಆ ಹೊತ್ತಿಗೆ ಅಲ್ಲಿ ಇರಲಿಲ್ಲ. ಪತ್ರಿಕೆಗಳಲ್ಲಿ ಆಟದ ಪುಟ ಮುಗಿಯುವುದು ಸಂಜೆ ಆರಕ್ಕೆ. ನರೋಣಾದಲ್ಲಿ ಅವರ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಮೂರೂವರೆಯ ಬಸ್ಸಿಗೆ ಆಳಂದಕ್ಕೆ ಹೊರಟು, ದಾರಿಯಲ್ಲೇ ವರದಿ ಬರೆದು, ಅಂಕಗಳಿಗೆ ಖಾಲಿ ಜಾಗ ಬಿಟ್ಟಿದ್ದರು. ಅಂಕ ಹೇಳಬೇಕಾದ ದೈಹಿಕ ಶಿಕ್ಷಕರು ಶಾಲೆಯ ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೂ ಮುಳುಗಿ ಕೂತಿದ್ದರು, ಜೇಬಿನ ಮೊಬೈಲ್ ಸಮೇತ. ಫೋನ್ ಹೋಗಲಿಲ್ಲ, ಗಂಟೆ ಐದಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಿದ್ದ ಕಾಕಾ ಕೊನೆಗೆ ಕೂಸನ್ನೂ ತಾವೇ ಹುಟ್ಟಿಸಿಬಿಟ್ಟರು.

ತಪ್ಪು ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲಿನ ಮೂರು ದಿನ ನೋಡಿದ ಮೇಲೆ ನನ್ನ ಸಿಟ್ಟು ದಿಕ್ಕು ಬದಲಿಸಿತು.

ಮೊದಲನೆಯ ದಿನ ಗ್ರೂಪಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಎರಡನೆಯ ದಿನ ಕಲಬುರಗಿಯಿಂದ ಟಿ.ವಿ.ಯವರು ಬಂದು ಕಾಕಾನ ಮನೆಯ ಮುಚ್ಚಿದ ಬಾಗಿಲನ್ನು ಅರ್ಧ ಗಂಟೆ ತೋರಿಸಿದರು. ಬಾಗಿಲು ಏನೂ ಹೇಳಲಿಲ್ಲವೆಂದು ಎದುರಿನ ಚಹಾ ಅಂಗಡಿಯವನನ್ನು ಮಾತಾಡಿಸಿದರು. ಮೂರನೆಯ ದಿನ ಆರೂ ಪತ್ರಿಕೆಯಲ್ಲಿ ಒಟ್ಟಿಗೇ ಬಂತು: ಸುಳ್ಳು ವರದಿ, ಹಿರಿಯ ಕ್ರೀಡಾ ವರದಿಗಾರನ ಬಣ್ಣ ಬಯಲು, ಪತ್ರಿಕಾ ಧರ್ಮಕ್ಕೆ ಮಸಿ. ನಾನು ಆರನ್ನೂ ಪಕ್ಕ ಪಕ್ಕ ಹರಡಿಕೊಂಡು ಓದಿದೆ. ತಲೆಬರಹ ಬೇರೆ, ಒಳಗಿನ ವಾಕ್ಯ ಒಂದೇ. 'ತೀವ್ರ ಖಂಡನೀಯ' ಒಂದರಲ್ಲಿ 'ಅತ್ಯಂತ ಖಂಡನೀಯ' ಆಗಿತ್ತು, ಅಷ್ಟೇ ಫರಕು. ಕಾಮನ್ ಕಾಪಿಯನ್ನು ನಂಬಿ ಕೆಟ್ಟವರು ಅದನ್ನು ಖಂಡಿಸಿದ್ದೂ ಕಾಮನ್ ಕಾಪಿಯಲ್ಲೇ. ತಮ್ಮ ಪತ್ರಿಕೆಯೂ ಅದೇ ಸುಳ್ಳನ್ನು ಹಾಕಿತ್ತು ಎಂಬ ಮಾತು ಆರರಲ್ಲಿ ಒಂದರಲ್ಲೂ ಇಲ್ಲ.

ಈ ಖಂಡನೆ ನಮ್ಮ ಗ್ರೂಪಿಗೆ ಬಂದೇ ಇರಲಿಲ್ಲ. ಗ್ರೂಪ್ ಮಾಡಿದವರೇ ಕಾಕಾ ಆದ್ದರಿಂದ ಅವರನ್ನು ಅಲ್ಲಿಂದ ತೆಗೆಯಲು ಬಾರದೆ, ಉಳಿದವರೆಲ್ಲ ಒಬ್ಬೊಬ್ಬರಾಗಿ ಹೊರಬಿದ್ದು ಹೊಸ ಗ್ರೂಪ್ ಮಾಡಿಕೊಂಡಿದ್ದರು. ನನ್ನನ್ನೂ ಅದಕ್ಕೆ ಸೇರಿಸಿದರು. ಹಳೆಯದರಿಂದ ನಾನು ಹೊರಬರಲಿಲ್ಲ. ನಿಷ್ಠೆಯಿಂದ ಎಂದು ಹೇಳಿದರೆ ಚೆಂದ ಇರುತ್ತದೆ. ಅಂದು ಜಾತಿ ಪ್ರಮಾಣಪತ್ರದ ಕೊನೆಯ ದಿನ, ಅಂಗಡಿಯ ಮುಂದೆ ಸಾಲು ನಿಂತಿತ್ತು, ಮರೆತೆ. ಹಾಗೆ ಹಳೆ ಗ್ರೂಪಿನಲ್ಲಿ ನಾವಿಬ್ಬರೇ ಉಳಿದೆವು.

ಅದೇ ವಾರ ಆಳಂದದಿಂದ ವರದಿಗಾರರ ಸಂಘದ ಅಧ್ಯಕ್ಷರ ಫೋನ್ ಬಂತು. ಕಾಕಾನಿಗೆ ಸನ್ಮಾನ ಮಾಡುವುದೆಂದು ಅವರು ಈ ಗದ್ದಲಕ್ಕೂ ಮುಂಚೆ ಶಾಲು, ಫಲಕ ತಂದಿಟ್ಟಿದ್ದರು. ಮುಂದೂಡಿದ ಫೈನಲ್‌ನ ದಿನ ಮೈದಾನದಲ್ಲೇ ಅದನ್ನು ಮುಗಿಸುವುದೆಂದು ಈಗ ಗೊತ್ತುಮಾಡಿದ್ದರು.

"ನೋಡ್ರಿ ತಂಗಿ, ಪತ್ರಿಕಾರಂಗದ ಇಜ್ಜತ್ ಉಳಿಸಿದಾಕಿ ನೀವೊಬ್ಬಾಕೀನೇ. ಆ ಸುಳ್ಳ ಸುದ್ದಿ ನೀವು ಕಳಿಸಲಿಲ್ಲ. ಸನ್ಮಾನ ಈ ಸಲ ನಿಮಗ" ಅಂದರು.

ಅಲ್ಲಿಯೇ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು "ಆಯ್ತ್ರಿ" ಎಂಬ ಮಾತು. ನಮ್ಮ ಅತ್ತೆ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತ ಎಲ್ಲ ಕೇಳಿಸಿಕೊಂಡರು. ನಾನು ಪೇಪರಿಗೆ ಬರೆಯುವುದನ್ನು ಹತ್ತು ವರ್ಷದಿಂದ 'ಹಾಳ ಉದ್ಯೋಗ' ಎನ್ನುತ್ತ ಬಂದವರು ಅವರು. ಅಂದು ಸಂಜೆಯೊಳಗೆ ಓಣಿಯ ಆರು ಮನೆಗೆ ಹೋಗಿ, "ನಮ್ಮ ಸೊಸಿ ಒಬ್ಬಾಕಿ ಖರೆ ಬರೀತಾಳಂತ, ಶಾಲ ಹೊಚ್ಚಾಕತ್ತಾರ" ಎಂದು ಹೇಳಿ ಬಂದರು. ಅವರ ಮುಖದ ಆ ಖುಷಿ ನೋಡಿ ನನ್ನ ನಾಲಿಗೆ ಇನ್ನೂ ಒಳಗೆ ಹೋಯಿತು. ನಿಜ ಗೊತ್ತಿದ್ದದ್ದು ನಮ್ಮ ಉಪಸಂಪಾದಕನೊಬ್ಬನಿಗೇ. ಅವನು ಫೋನಿನಲ್ಲಿ ನಗುತ್ತ, "ಅಕ್ಕಾ, ಶಾಲಿನಾಗ ಅರ್ಧ ಆ ಸೀರಿ ಅಂಗಡಿಗಿ ಕೊಡ್ರಿ" ಅಂದ.

ಕಾಕಾ ಎಲ್ಲಿ ಹೋಗಿದ್ದಾರೆಂದು ಪೇಪರಿನವರು ಯಾರೂ ಹುಡುಕಿರಲಿಲ್ಲ. ಸೊನ್ನದಲ್ಲಿ ಮಗಳ ಮನೆಯಲ್ಲಿದ್ದರು. ಒಂದು ಫೋನ್ ಮಾಡಿದ್ದರೆ ಅವರೇ ಹೇಳುತ್ತಿದ್ದರು, ನನಗೆ ಹಾಗೇ ಹೇಳಿದರು. ಭಾನುವಾರ ಹೋದೆ. ಸೋತು ಸುಣ್ಣವಾಗಿ ಕೂತಿರುತ್ತಾರೆ, ನಾಲ್ಕು ಸಮಾಧಾನದ ಮಾತು ಹೇಳಬೇಕು ಎಂದು ಬಸ್ಸಿನಲ್ಲಿ ತಯಾರಿ ಮಾಡಿಕೊಂಡಿದ್ದೆ. ಅವರು ಭೀಮಾ ಬ್ಯಾರೇಜಿನ ಹತ್ತಿರದ ಬಯಲಿನಲ್ಲಿ ಲುಂಗಿ ಎತ್ತಿ ಕಟ್ಟಿಕೊಂಡು, ಊರ ಹುಡುಗರ ಕಬಡ್ಡಿಗೆ ಸೀಟಿ ಊದುತ್ತಿದ್ದರು.

ಮಗಳು ಮಂಡಕ್ಕಿಯ ಸೂಸಲ, ಮಿರ್ಚಿ ತಂದಿಟ್ಟಳು. ಕಾಕಾನ ಪಕ್ಕದಲ್ಲಿ ಆರೂ ಪತ್ರಿಕೆ ಇದ್ದವು.

"ಓದಿದ್ರೇನು?" ಅಂದೆ.

"ಓದೀನವ್ವ. ಛಲೋ ಬರದಾರ. ಮೊದಲನೇ ವಾಕ್ಯ ಸ್ವಲ್ಪ ಉದ್ದ ಆಗೇದ" ಅಂದರು. ನಗು ತಡೆಯಲಾಗಲಿಲ್ಲ, ಇಬ್ಬರೂ ನಕ್ಕೆವು. ಆಮೇಲೆ ಅವರು ಪತ್ರಿಕೆಗಳನ್ನು ಮಡಚಿ ಪಕ್ಕಕ್ಕಿಟ್ಟರು. "ಅಂಕ ಅಷ್ಟೇ ನಾ ಹುಟ್ಟಿಸಿದ್ದು ಅಂತ ತಿಳಕೋಬ್ಯಾಡ. ಮಂದಿ ತುದಿಗಾಲ ಮ್ಯಾಲ ನಿಂತಿದ್ರು ಅಂತ ಇಷ್ಟ ವರ್ಷ ಬರಕೋತ ಬಂದೀನಿ. ಒಮ್ಮೆರ ಹೊಳ್ಳಿ ನೋಡಿಲ್ಲ, ಖರೇನ ನಿಂತಾರೇನು ಅಂತ. ಅಲ್ಲಿಂದನೇ ಶುರು ಆಗಿತ್ತು ಇದು."

ಅಂಗಿ ಜೇಬಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ಅವರ ಕೈಬರಹದ ಮಾಫಿ. ನಾನು ಆಟ ನೋಡದೆ ವರದಿ ಬರೆದೆ, ಎರಡೂ ತಂಡದವರ ಮತ್ತು ಓದುಗರ ಕ್ಷಮೆ ಕೇಳುತ್ತೇನೆ, ನನ್ನನ್ನು ನಂಬಿ ಇದನ್ನು ಹಾಕಿದ ಪತ್ರಿಕೆಗಳ ಕ್ಷಮೆಯನ್ನೂ ಕೇಳುತ್ತೇನೆ. ಇಷ್ಟೇ, ಒಂದೂ ನೆಪವಿಲ್ಲ. ವಿಡಿಯೊ ಬಂದ ದಿನವೇ ಆರೂ ಪತ್ರಿಕೆಗೆ ಕಳಿಸಿದ್ದರಂತೆ. ಯಾರೂ ಹಾಕಿರಲಿಲ್ಲ. ಹಾಕಿದ್ದರೆ ಆ ಕೊನೆಯ ವಾಕ್ಯವನ್ನೂ ಹಾಕಬೇಕಾಗುತ್ತಿತ್ತು.

"ನಿಮ್ಮ ಪೇಪರಿಗಿ ಕಳಿಸಲಿಲ್ಲ. ಅದರಾಗ ಸುಳ್ಳ ಬಂದೇ ಇಲ್ಲ, ಮಾಫಿ ಯಾಕ ಬೇಕು?" ಅಂದರು.

ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಇಟ್ಟೆ. "ಕಾಕಾ, ನಾನೂ ಕಳಿಸಿದ್ನಿರಿ. ಜಾಹೀರಾತು ಬಂದು ಉಳೀತು."

"ಗೊತ್ತದ ತಗೋ. ನಾ ಹಾಕಿದ ಎರಡ ನಿಮಿಷಕ್ಕ ಗ್ರೂಪಿನಾಗ ಹೆಬ್ಬೆರಳು ಒತ್ತೀದಿ. ನೀ ಕಳಿಸದ ಬಿಡಾಕಿ ಅಲ್ಲ" ಅಂದರು. ಸನ್ಮಾನದ ಸುದ್ದಿಯೂ ಅವರಿಗೆ ಗೊತ್ತಿತ್ತು. "ಹೊತ್ಕೋ ಶಾಲ. ಥಂಡಿ ಬಂತು." ನನ್ನನ್ನು ಚುಚ್ಚಲು ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಹೆಚ್ಚು ಚುಚ್ಚಿತು. ಫೈನಲ್‌ಗೆ ಬರ್ರಿ ಎಂದು ಕರೆದೆ. "ನಾ ಬರಂಗಿಲ್ಲ. ನಾ ಬಂದ್ರ ಮಂದಿ ಆಟ ಬಿಟ್ಟು ನನ್ನ ನೋಡ್ತಾರ" ಅಂದರು. ಆ ಹಾಳೆಯನ್ನು ಕೇಳಿ ಇಸಿದುಕೊಂಡು ಬಂದೆ.

ಫೈನಲ್ ದಿನ ನಮ್ಮ ಅತ್ತೆ ಇಳಕಲ್ ಸೀರೆ ಉಟ್ಟು ನನ್ನೊಂದಿಗೆ ನರೋಣಾಕ್ಕೆ ಬಂದರು. ಜೇನು ಬಿಡಿಸಿದ್ದರು. ಆದರೂ ದೈಹಿಕ ಶಿಕ್ಷಕರು ಮೈಕಿನಲ್ಲಿ, "ಯಾರೂ ಪಟಾಕಿ ಹಚ್ಚಬ್ಯಾಡ್ರಿ. ಯಾರೂ ಎದ್ದು ನಿಂದರಬ್ಯಾಡ್ರಿ. ಒಂದು ಹುಳ ಕಂಡ್ರೂ ಮಿಸುಕದಂಗ ಕೂತಿರ್ರಿ" ಎಂದು ಹತ್ತು ಸಲ ಹೇಳಿದರು. ಆಟಕ್ಕೂ ಮುಂಚೆ ಸನ್ಮಾನ. ಅಧ್ಯಕ್ಷರು ನನಗೆ ಶಾಲು ಹೊದಿಸಿದರು. ಫಲಕದಲ್ಲಿ ಕಾಕಾನ ಹೆಸರಿನ ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿದ್ದರು, ಒಂದು ಮೂಲೆ ಎದ್ದಿತ್ತು. ಮುಂದಿನ ಸಾಲಿನಲ್ಲಿ ಆರೂ ಪತ್ರಿಕೆಯವರು ಚಪ್ಪಾಳೆ ತಟ್ಟಿದರು. ಅವರ ಹಿಂದೆ ನಮ್ಮ ಅತ್ತೆ.

ಮೈಕು ಕೊಟ್ಟರು. ಧನ್ಯವಾದ ಹೇಳಿ ಇಳಿಯಬಹುದಿತ್ತು. ಕೈ ಆ ಎದ್ದ ಚೀಟಿಯ ಮೂಲೆಯ ಮೇಲೆಯೇ ಆಡುತ್ತಿತ್ತು, ಕೆಳಗೆ ಕಾಕಾನ ಹೆಸರಿನ ಮೊದಲ ಅಕ್ಷರ ಕಾಣುತ್ತಿತ್ತು.

"ಆ ಸುದ್ದಿ ನಾನೂ ಕಳಿಸಿದ್ನಿರಿ" ಅಂದೆ. "ನೋಡದೇ ಕಳಿಸಿದೆ. ನಮ್ಮ ಪೇಪರಿನಾಗ ಸೀರಿ ಜಾಹೀರಾತು ಬಂದಿದ್ದಕ್ಕ ಅದು ಉಳೀತು. ಹಂಗ ನೋಡಿದ್ರ ಈ ಶಾಲ ಆ ಸೀರಿ ಅಂಗಡಿಯವರದು. ಮರುದಿನ ಸುದ್ದಿ ಯಾಕ ಹಾಕಿಲ್ಲ ಅಂತ ಜಗಳನೂ ಮಾಡೇನಿ."

ಮೊದಲು ನರೋಣಾದ ಕ್ಯಾಪ್ಟನ್ ಗಟ್ಟಿಯಾಗಿ ನಕ್ಕ, ಅವನ ಹಿಂದೆ ಎರಡೂ ತಂಡ ನಕ್ಕವು. ನಾನು ಕಾಕಾನ ಮಾಫಿ ಓದಿದೆ. ಕೊನೆಯ ವಾಕ್ಯ ಬಂದಾಗ ಮುಂದಿನ ಸಾಲಿನವರು ಒಟ್ಟಿಗೇ ಮೊಬೈಲ್ ತೆಗೆದು ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಜೇವರ್ಗಿಯ ಚಾನೆಲ್‌ನವನು ಕ್ಯಾಮೆರಾವನ್ನು ನನ್ನಿಂದ ಅವರ ಕಡೆಗೆ ತಿರುಗಿಸಿ, ಬಹಳ ವಿನಯದಿಂದ, "ಸರ, ಅವತ್ತು ನಿಮ್ಮೊಳಗ ಆಟ ಯಾರ್ಯಾರು ನೋಡಿದ್ರಿ?" ಎಂದು ಕೇಳಿದ. ಒಬ್ಬರಿಗೆ ಅರ್ಜೆಂಟ್ ಫೋನ್ ಬಂತು. ಉಳಿದವರಿಗೆ ಬಸ್ಸಿನ ನೆನಪಾಯಿತು.

ಶಾಲು ಮಡಚಿ ಅಧ್ಯಕ್ಷರ ಕೈಗೆ ಕೊಟ್ಟೆ. ಅವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಆಟ ಮುಗಿಯುವವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನನಗೆ ಅತ್ತೆಯ ಮುಖ ನೋಡುವ ಧೈರ್ಯವಿರಲಿಲ್ಲ. ಪಕ್ಕಕ್ಕೆ ಹೋಗಿ ಕೂತೆ. ಅವರು ಜರುಗಿ ಜಾಗ ಮಾಡಿಕೊಟ್ಟರು. ಆಮೇಲೆ, "ಓಣಿ ತುಂಬ ಹೇಳಿ ಬಂದೀನಲ್ಲ ಬೇ" ಅಂದರು. "ಇನ್ನೊಮ್ಮಿ ಆರೂ ಮನಿಗಿ ಹೋಗಬೇಕು ಈಗ. ಹೋಗಲಿ, ಖರೆ ಬರೀತಾಳ ಅಂದಿದ್ನಿ, ಖರೆ ಮಾತಾಡ್ತಾಳ ಅಂತ ತಿದ್ದಿ ಬರ್ತೇನಿ." ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಒಂದಿಷ್ಟು ಶೇಂಗಾ ಹಾಕಿದರು. ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲು ಶೇಂಗಾ ಒಳ್ಳೆಯದು.

ಆಟ ಶುರುವಾಯಿತು. ಬೋನಸ್ ಗೆರೆ ಯಾವುದು ಎಂದು ಪಕ್ಕದಲ್ಲಿದ್ದ ಇಜೇರಿಯ ಅಜ್ಜನೊಬ್ಬರನ್ನು ಕೇಳಿ ತಿಳಿದುಕೊಂಡೆ. ಗಡಿಯಾರ ಐದೂ ಕಾಲು ದಾಟಿತು. ಇಜೇರಿಯವರು ಏಳು ಅಂಕ ಮುಂದಿದ್ದರು. ಮೊಬೈಲಿನಲ್ಲಿ 'ಇಜೇರಿ ತಂಡಕ್ಕೆ' ಎಂದು ಬೆರಳು ತಾನಾಗಿ ಒತ್ತಿತು. ಅಳಿಸಿದೆ. ಆರಕ್ಕೆ ಪುಟ ಮುಗಿಯುತ್ತದೆ, ಕಾಕಾನಿಗೆ ಅಂದು ಬಸ್ಸಿನಲ್ಲಿ ಹೇಗಾಗಿರಬೇಕು ಎಂದು ನನಗೆ ಅರ್ಥವಾದದ್ದು ಆ ಹೊತ್ತಿನಲ್ಲಿ. ಕಡೆಗೆ ಸೀಟಿ ಊದಿದಾಗ ಗೆದ್ದದ್ದು ನರೋಣಾ, ಒಂದು ಅಂಕದಿಂದ.

ಮೈದಾನದ ಕಟ್ಟೆಯ ಮೇಲೆ ಕೂತು ಬರೆದೆ. ಎಲ್ಲಿ, ಯಾರು, ಏನಾಯಿತು. ಹಳೇ ಗ್ರೂಪಿಗೆ ಹಾಕಿದೆ, ಅಲ್ಲಿ ಇದ್ದದ್ದು ನಾವಿಬ್ಬರೇ. ನನ್ನ ಫೋನಿಗೆ ಒಂದು ಗೆರೆಯ ನೆಟ್‌ವರ್ಕ್ ಇತ್ತು. ಎರಡು ನಿಮಿಷಕ್ಕೆ ಕಾಕಾನ ಫೋನ್ ಬಂತು.

"ಕಡೀ ಸಾಲು ಓದಾಕತ್ತೇನಿ. ಪ್ರೇಕ್ಷಕರು ತುದಿಗಾಲ ಮೇಲೆ ನಿಂತು ವೀಕ್ಷಿಸಿದರು ಅಂತ ಬರದೀದಿ. ನಿಂತಿದ್ರೇನವ್ವ?"

ಎಂಟು ವರ್ಷದ ರೂಢಿ, ಕೈ ತಾನೇ ಬರೆದುಬಿಟ್ಟಿತ್ತು. ತಲೆ ಎತ್ತಿ ನೋಡಿದೆ. ಆಟ ಮುಗಿದರೂ ಊರಿಗೆ ಊರೇ ಆಲದ ಮರದ ಕಡೆ ಕಣ್ಣಿಟ್ಟು ಹಾಗೇ ಕೂತಿತ್ತು.

"ಇಲ್ರಿ ಕಾಕಾ. ಒಬ್ಬರೂ ಎದ್ದಿಲ್ಲ. ಜೇನಿಗಿ ಅಂಜಿ ಕೂತಾರ."

"ಹಂಗಾರ ಕೂತಿದ್ರು ಅಂತ ಬರಿ."

ತಿದ್ದಿದೆ. ಅವರ ಮಾಫಿಯ ಹಾಳೆಯ ಫೋಟೊವನ್ನೂ, ನನ್ನದೊಂದು ನಾಲ್ಕು ಸಾಲನ್ನೂ ಜೊತೆಗೆ ಸೇರಿಸಿದೆ. ಪುಟಕ್ಕೆ ಇನ್ನೂ ಹತ್ತು ನಿಮಿಷವಿತ್ತು. "ಕಾಕಾ, ವರದಿ ತಿದ್ದಿದವರು ನೀವು. ನಿಮ್ಮ ಹೆಸರು ಹಾಕಲೇನ್ರಿ?" ಎಂದು ಕೇಳಿದೆ.

ಆ ಕಡೆಯಿಂದ ಹುಡುಗರ ಕಬಡ್ಡಿ ಕಬಡ್ಡಿ ಕೇಳಿಸುತ್ತಿತ್ತು.

"ಬ್ಯಾಡ. ಆಟ ನೋಡಿದಾಕಿ ನೀ" ಅಂದರು. "ನಿಂದೇ ಹಾಕು."